ಹೆಜ್ಜಾರ್ಲೆಗೂ ಕಂಬಳದ ಕೋಣಕ್ಕೂ ಒಂದೇ ಕ್ಯಾಮೆರಾ ಆಗುತ್ತಾ?

ಪ್ರಶ್ನೆ: ನೀವು ನಿಕಾನ್ ಡಿ500 ಬಿಟ್ಟು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಝಡ್8 ಕೊಂಡಿದ್ದೀರಿ ಎಂದು ಹಿಂದೊಮ್ಮೆ ಬರೆದಿದ್ದಿರಿ. ನನ್ನ ಹತ್ತಿರವೂ ಡಿ500 ಇದೆ. ಚಳಿಗಾಲದಲ್ಲಿ ಕಂಬಳ, ಬೇಸಿಗೆಯಲ್ಲಿ ಪಕ್ಷಿ, ಇವೆರಡೇ ನನ್ನ ಹುಚ್ಚು. ಬದಲಾಯಿಸಿದರೆ ನಿಜಕ್ಕೂ ವ್ಯತ್ಯಾಸ ಕಾಣುತ್ತದಾ, ಇಲ್ಲಾ ಸುಮ್ನೆ ದುಡ್ಡು ದಂಡವಾ?
— ಓದುಗರು, ಕಾರ್ಕಳ

ಉತ್ತರ: ವ್ಯತ್ಯಾಸ ಇದೆ. ಆದರೆ ಎಲ್ಲಾ ಕಡೆಯೂ ಒಂದೇ ಸಮ ಇಲ್ಲ. ನಾನು ಇದನ್ನು ರಂಗನತಿಟ್ಟಿಗೂ ಒಯ್ದೆ, ಮೂಡುಬಿದಿರೆ ಮತ್ತು ಮಿಯಾರಿನ ಕಂಬಳಕ್ಕೂ ಒಯ್ದೆ. ಎರಡು ಕಡೆ ಎರಡು ಥರದ ಕ್ಯಾಮೆರಾ ಅನ್ನಿಸಿತು.

ಮೊದಲು ರಂಗನತಿಟ್ಟು. ಅಲ್ಲಿ ದೋಣಿ ಅಲುಗುತ್ತಲೇ ಇರುತ್ತದೆ, ಹಕ್ಕಿ ಹಾರುತ್ತಲೇ ಇರುತ್ತದೆ. ಹೆಜ್ಜಾರ್ಲೆ (ಪೆಲಿಕನ್) ಮರದ ತುದಿಗೆ ಇಳಿಯುವಾಗ ಹಿಂದೆ ಬರೀ ಎಲೆ, ಮುಂದೆ ಒಣ ಕಡ್ಡಿ. ಡಿ500ನಲ್ಲಿ ಫೋಕಸ್ ಬಿಂದುವನ್ನು ನಾನೇ ಹಕ್ಕಿಯ ತಲೆಯ ಮೇಲೆ ಇಟ್ಟುಕೊಂಡು ಹೋಗಬೇಕಿತ್ತು. ಝಡ್8ನಲ್ಲಿ ಪಕ್ಷಿ ಗುರುತಿಸುವ ಪ್ರತ್ಯೇಕ ಮೋಡ್ ಇದೆ. 2024ರ ಫರ್ಮ್‌ವೇರ್‌ನಲ್ಲಿ, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಬಂದದ್ದು. ಅದು ಕಣ್ಣನ್ನು ಹಿಡಿದುಕೊಂಡರೆ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ನನಗೆ ಫ್ರೇಮಿನ ಅಂಚು ನೋಡಲು ಸಮಯ ಸಿಕ್ಕಿತು. ರೆಕ್ಕೆ ತುಂಡಾಗುತ್ತಿದೆಯಾ, ಹಿಂದೆ ಇನ್ನೊಂದು ಹಕ್ಕಿಯ ಕೊಕ್ಕು ತಲೆಗೆ ಅಂಟಿಕೊಂಡಿದೆಯಾ ಎಂದೆಲ್ಲ ನೋಡಬಹುದು. ದೊಡ್ಡ ಲಾಭ ಇದೇ.

ಮಧ್ಯಾಹ್ನದ ಹೊತ್ತಿನ ಒಂದು ದೃಶ್ಯ ಹೇಳುತ್ತೇನೆ. ಬಿಸಿಲು ಏರಿದಾಗ ಬಣ್ಣದ ಕೊಕ್ಕರೆ ಗೂಡಿನ ಮೇಲೆ ನಿಂತು ಎರಡೂ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡುತ್ತದೆ. ಬೆನ್ನು ಸೂರ್ಯನಿಗೆ, ಹೊಟ್ಟೆ ಮರಿಗಳಿಗೆ. ಬಿಸಿಲು ಸರಿದ ಹಾಗೆ ತಾನೂ ಸ್ವಲ್ಪ ತಿರುಗುತ್ತದೆ. ಜೋಡಿ ಹಕ್ಕಿ ಹೊಳೆಯಿಂದ ನೀರು ತಂದು ಮರಿಗಳ ಬಾಯಿಗೆ ಬಿಡುತ್ತದೆ. ಇದನ್ನು ನೋಡುತ್ತಾ ನೋಡುತ್ತಾ ಶೂಟ್ ಮಾಡಬಹುದು, ಏಕೆಂದರೆ ಈ ಕ್ಯಾಮೆರಾದ ವ್ಯೂಫೈಂಡರ್ ಪ್ರತಿ ಫ್ರೇಮಿಗೂ ಕಪ್ಪಾಗುವುದಿಲ್ಲ. ಕನ್ನಡಿ ಮೇಲೆ ಕೆಳಗೆ ಬಡಿಯುವ ಸದ್ದೂ ಇಲ್ಲ. ಮೆಕ್ಯಾನಿಕಲ್ ಶಟರ್ರೇ ಇಲ್ಲದ ಬಾಡಿ ಇದು. ಹತ್ತಿರದ ಕಲ್ಲಿನ ಮೇಲೆ ಕೂತ ನದಿ ರೀವ (ರಿವರ್ ಟರ್ನ್ ಹಕ್ಕಿ) ಕತ್ತು ತಿರುಗಿಸಿ ನಮ್ಮ ಕಡೆ ನೋಡಲೂ ಇಲ್ಲ.

ಎಲ್ಲಿ ಕೈಕೊಡುತ್ತದೆ ಅಂದರೆ, ಬಿದಿರಿನ ಒಳಗೆ ಅಡಗಿ ಕೂತ ಹಕ್ಕಿ. ಎಲೆಗಳ ನಡುವೆ ಬರೀ ಒಂದು ತುಂಡು ಮೈ ಕಂಡರೆ ಯಾವ ಕಂಪನಿಯ ಕ್ಯಾಮೆರಾಗೂ ಕಣ್ಣು ಹುಡುಕುವುದು ಕಷ್ಟ. ಆಗ ಒಂದೇ ಬಿಂದುವಿಗೆ ಬದಲಾಯಿಸಿಕೊಳ್ಳಿ. ಆ ಬದಲಾವಣೆಯನ್ನು ಒಂದು ಬಟನ್ನಿಗೆ ಕೊಟ್ಟು, ಬೆರಳಿಗೆ ರೂಢಿ ಮಾಡಿಕೊಳ್ಳಿ.

ಇನ್ನು ಕಂಬಳ. ಇಲ್ಲಿ ಆಟವೇ ಬೇರೆ. ಗಂತಿನಿಂದ (ಓಟ ಶುರುವಾಗುವ ಜಾಗ) ಹೊರಟ ಕೋಣಗಳು ಮಂಜೊಟ್ಟಿಗೆ (ಓಟ ಮುಗಿಯುವ ಜಾಗ) ಬರಲು ಹಿಡಿಯುವುದು ಹನ್ನೆರಡು ಹದಿಮೂರು ಸೆಕೆಂಡು ಅಷ್ಟೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಅದರಲ್ಲಿ ಫೋಟೋಗ್ರಾಫರನಿಗೆ ಬೇಕಾದ ದೂರದಲ್ಲಿ, ಬೇಕಾದ ಬೆಳಕಿನಲ್ಲಿ ಸಿಗುವುದು ಕೊನೆಯ ಎರಡು ಮೂರು ಸೆಕೆಂಡು ಮಾತ್ರ. ಎದುರಿಗೆ ಏನಿರುತ್ತದೆ? ಎರಡು ಕೋಣದ ಮುಖ, ಅದರ ಹಿಂದೆ ಅರ್ಧ ಮರೆಯಾದ ಓಟಗಾರ, ಎಲ್ಲದರ ಮುಂದೆ ಕೆಸರು ನೀರಿನ ಗೋಡೆ. ಕ್ಯಾಮೆರಾ ಆ ನೀರಿಗೆ ಫೋಕಸ್ ಮಾಡಿಬಿಟ್ಟರೆ ಮುಗಿಯಿತು.

ಇದಕ್ಕೆ ಮೆನುವಿನ ಎ3 ಸೆಟ್ಟಿಂಗ್ ನೋಡಿ. ಅಡ್ಡ ಏನಾದರೂ ಬಂದರೆ ಎಷ್ಟು ಬೇಗ ಅದರ ಕಡೆ ತಿರುಗಬೇಕು ಎಂಬುದನ್ನು 1ರಿಂದ 5ರವರೆಗೆ ಇಡಬಹುದು. ನಾನು 5ಕ್ಕೆ, ಅಂದರೆ ತೀರಾ ನಿಧಾನಕ್ಕೆ ಇಟ್ಟೆ. ನೀರು ಹಾರಿದರೂ ಫೋಕಸ್ ಕೋಣದ ಮುಖ ಬಿಟ್ಟು ಕದಲಲಿಲ್ಲ. ಪೂರ್ತಿ ಫ್ರೇಮನ್ನು ಕ್ಯಾಮೆರಾಗೆ ಬಿಟ್ಟುಕೊಡಬೇಡಿ. ಕರೆಯ (ಕೋಣ ಓಡುವ ಕೆಸರಿನ ದಾರಿ) ಎರಡೂ ಬದಿ ಜನ ತುಂಬಿರುತ್ತಾರೆ, ಅದು ಅವರ ಮುಖ ಹಿಡಿಯಲು ಹೋಗುತ್ತದೆ. ಫೋಕಸ್ ಚೌಕವನ್ನು ಒಂದು ಕರೆಯಷ್ಟು ಅಗಲಕ್ಕೆ ಕಡಿಮೆ ಮಾಡಿಕೊಳ್ಳಿ.

ಓಡುವ ಕಾಲು ಸೊಟ್ಟಗೆ ಬಾಗಿ ಕಾಣುತ್ತದಾ ಎಂಬ ಭಯ ನನಗೂ ಇತ್ತು. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಮಾಮೂಲಿ ಸೆನ್ಸರ್ ನಿಧಾನ, ಹಾಗಾಗಿ ಕ್ರಿಕೆಟ್ ಬ್ಯಾಟು ಬಿಲ್ಲಿನಂತೆ ಬಾಗುತ್ತದೆ. ಝಡ್8ನ ಸ್ಟ್ಯಾಕ್ಡ್ ಸೆನ್ಸರ್ ಇಡೀ ಚಿತ್ರವನ್ನು ಸುಮಾರು 4 ಮಿಲಿಸೆಕೆಂಡಿನಲ್ಲಿ ಓದಿ ಮುಗಿಸುತ್ತದೆ. ಕೋಣದ ಕಾಲು ಕಾಲಿನಂತೆಯೇ ಬಂತು.

ಕನೆಹಲಗೆಗೆ ಒಂದು ಮಾತು. ಓಟಗಾರ ಹಲಗೆಯ ಮೇಲೆ ನಿಂತು, ಆರೂವರೆ, ಏಳೂವರೆ ಕೋಲು (ಅಳತೆಯ ಹೆಸರು) ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ನೀರು ಚಿಮ್ಮಿಸುವ ಆ ಸ್ಪರ್ಧೆಯಲ್ಲಿ ಜಾಸ್ತಿ ಜನ ಓಟಗಾರನ ಮೇಲೇ ಕ್ಯಾಮೆರಾ ಇಟ್ಟು ನೀರಿನ ತುದಿ ಕತ್ತರಿಸಿಬಿಡುತ್ತಾರೆ. ಕ್ಯಾಮೆರಾ ಉದ್ದಕ್ಕೆ ಹಿಡಿಯಿರಿ. ದೀಪದ ಕಂಬ ನೀರಿನ ಹಿಂದೆ ಬರುವ ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಹಿಂದಿನಿಂದ ಬೆಳಕು ಬಿದ್ದರೆ ಒಂದೊಂದು ಹನಿಯೂ ಎದ್ದು ಕಾಣುತ್ತದೆ.

ಈಗ ನಿಮ್ಮ ದುಡ್ಡಿನ ಪ್ರಶ್ನೆ. ಡಿ500 ಈಗಲೂ ಗಟ್ಟಿ ಕ್ಯಾಮೆರಾ. ಸೆಕೆಂಡಿಗೆ 10 ಫ್ರೇಮು, 153 ಫೋಕಸ್ ಬಿಂದು, ಹಗಲಿನಲ್ಲಿ ಅದಕ್ಕೆ ಏನೂ ಕೊರತೆಯಿಲ್ಲ. ಝಡ್8ನ 45.7 ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ಡಿ500ನಷ್ಟೇ ಹತ್ತಿರ ಕಾಣಲಿ ಎಂದು ಡಿಎಕ್ಸ್ ಕ್ರಾಪ್ (ಸೆನ್ಸರಿನ ಮಧ್ಯಭಾಗವನ್ನಷ್ಟೇ ಬಳಸುವುದು) ಹಾಕಿದರೆ ಉಳಿಯುವುದು 19 ಮೆಗಾಪಿಕ್ಸೆಲ್ ಚಿಲ್ಲರೆ, ಡಿ500ನದು 20.9. ದೂರದ ಹಕ್ಕಿಗೆ ಇಲ್ಲಿ ಲಾಭವೇನೂ ಇಲ್ಲ. ತೂಕದಲ್ಲೂ ಉಳಿತಾಯವಿಲ್ಲ. ಡಿ500 860 ಗ್ರಾಂ, ಇದು 910. ಖರ್ಚು ಕ್ಯಾಮೆರಾಕ್ಕೇ ನಿಲ್ಲುವುದೂ ಇಲ್ಲ. ಸೆಕೆಂಡಿಗೆ 20 ರಾ ಫೈಲು (ಸೆನ್ಸರಿನಿಂದ ಬಂದ ಮೂಲ ಫೈಲು) ತೆಗೆದರೆ ಅರ್ಧ ಜಿಬಿಗೂ ಜಾಸ್ತಿ ತುಂಬುತ್ತದೆ. ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡು ಬೇಕು, ಮನೆಯಲ್ಲಿ ಹಾರ್ಡ್ ಡಿಸ್ಕ್ ಬೇಕು, ರಾತ್ರಿ ಪೂರ್ತಿ ಕಂಬಳಕ್ಕೆ ಬ್ಯಾಟರಿ ಮೂರಾದರೂ ಬೇಕು.

ನನ್ನ ಅಭಿಪ್ರಾಯ ಇಷ್ಟು. ರಾತ್ರಿ ಕಂಬಳ ಮತ್ತು ಹಾರುವ ಹಕ್ಕಿ ನಿಮಗೆ ಮುಖ್ಯವಾದರೆ ಬದಲಾಯಿಸಿ. ಹಗಲು ಓಟ, ಕೂತ ಹಕ್ಕಿ ಸಾಕು ಅನ್ನುವುದಾದರೆ ಅದೇ ದುಡ್ಡನ್ನು ಲೆನ್ಸಿಗೆ ಹಾಕಿ. ಯಾವುದಕ್ಕೂ ಮೊದಲು ಬೆಂಗಳೂರಿನಲ್ಲಿ ಬಾಡಿಗೆಗೆ ತಂದು ನಿಮ್ಮೂರಿನ ಕಂಬಳದಲ್ಲೇ, ನಡುರಾತ್ರಿಯ ಬೆಳಕಿನಲ್ಲೇ ಹಿಡಿದು ನೋಡಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲಾ ಕ್ಯಾಮೆರಾವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಳಗೇ ಮೋಟಾರಿರುವ ಹಳೆಯ ಎಎಫ್-ಎಸ್ ಲೆನ್ಸುಗಳನ್ನು ನಿಕಾನಿನ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಬಳಸಬಹುದು. ಕಂಬಳಕ್ಕೆ ನಾನು ಬಳಸಿದ್ದು ನನ್ನ ಹಳೆಯ 70-200 ಎಫ್2.8 ಲೆನ್ಸನ್ನೇ. ಆದರೆ ಬಾಡಿಯ ಮೋಟಾರಿನಿಂದ ಫೋಕಸ್ ಆಗುವ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಆಟೋಫೋಕಸ್ ಸಿಗುವುದಿಲ್ಲ, ನೆನಪಿರಲಿ.

ಪ್ರಶ್ನೆ: ರಾತ್ರಿ ಕಬಡ್ಡಿ ಪಂದ್ಯದ ಫೋಟೋಗಳಲ್ಲಿ ಅಡ್ಡಡ್ಡ ಪಟ್ಟೆ ಬರುತ್ತಿದೆ. ಒಂದು ಫ್ರೇಮು ಹಳದಿ, ಮುಂದಿನದು ಕಪ್ಪು. ಕ್ಯಾಮೆರಾ ಹೊಸದು, ಮಿರರ್‌ಲೆಸ್. ಸರ್ವಿಸ್‌ಗೆ ಕೊಡಬೇಕಾ?
— ಓದುಗರು, ಮಂಡ್ಯ

ಉತ್ತರ: ಬೇಡ, ಕ್ಯಾಮೆರಾ ಸರಿಯಾಗಿಯೇ ಇದೆ. ತೊಂದರೆ ದೀಪದ್ದು. ನಮ್ಮ ಕರೆಂಟು 50 ಹರ್ಟ್ಸ್. ಬಹಳಷ್ಟು ದೀಪಗಳು ಸೆಕೆಂಡಿಗೆ 100 ಸಲ ಜೋರಾಗಿ, ಮಂದವಾಗಿ ಉರಿಯುತ್ತವೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. 1/1000 ಸೆಕೆಂಡಿನಲ್ಲಿ ತೆಗೆಯುವ ಕ್ಯಾಮೆರಾಗೆ ಒಂದು ಸಲ ಜೋರು ಬೆಳಕು ಸಿಗುತ್ತದೆ, ಇನ್ನೊಂದು ಸಲ ಮಂದ ಬೆಳಕು. ಎಲೆಕ್ಟ್ರಾನಿಕ್ ಶಟರ್ ಸಾಲು ಸಾಲಾಗಿ ಓದುವುದರಿಂದ ಒಂದೇ ಫೋಟೋದಲ್ಲಿ ಎರಡೂ ಸೇರಿ ಪಟ್ಟೆಯಾಗುತ್ತದೆ.

ನಿಮ್ಮ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಇದ್ದರೆ ಮೊದಲು ಅದಕ್ಕೆ ಬದಲಾಯಿಸಿ. ಫ್ಲಿಕರ್ ರಿಡಕ್ಷನ್ ಆನ್ ಮಾಡಿ. ಆಗ ಕ್ಯಾಮೆರಾ ಬೆಳಕು ಜೋರಾಗುವ ಕ್ಷಣಕ್ಕೆ ಕಾದು ಕ್ಲಿಕ್ ಮಾಡುತ್ತದೆ. ವೇಗ ಸ್ವಲ್ಪ ಇಳಿಯಬಹುದು, ಪರವಾಗಿಲ್ಲ. ಕೆಲವು ಎಲ್‌ಇಡಿಗಳು ಇದಕ್ಕಿಂತ ಎಷ್ಟೋ ವೇಗವಾಗಿ ಮಿಣುಕುತ್ತವೆ. ಅವಕ್ಕೆ ಹೈ-ಫ್ರೀಕ್ವೆನ್ಸಿ ಫ್ಲಿಕರ್ ಎಂಬ ಬೇರೆ ಸೆಟ್ಟಿಂಗ್ ಇರುತ್ತದೆ. ಶಟರ್ ವೇಗವನ್ನು ಚೂರು ಚೂರೇ ಬದಲಾಯಿಸುತ್ತಾ ವ್ಯೂಫೈಂಡರಿನಲ್ಲಿ ಪಟ್ಟೆ ಮಾಯವಾಗುವಲ್ಲಿ ನಿಲ್ಲಿಸಬೇಕು. ಈ ಕೆಲಸವನ್ನು ಪಂದ್ಯ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.

ಕೇಳದಿದ್ದರೂ ಒಂದು ಸಲಹೆ. ಮಧ್ಯಗೆರೆಯ ಅಂಚಿನಲ್ಲಿ ನೆಲಕ್ಕೆ ಕೂತುಕೊಳ್ಳಿ. ರೈಡರ್ ಒಳಗೆ ಹೋಗುವ ಫೋಟೋ ಎಲ್ಲರಿಗೂ ಸಿಗುತ್ತದೆ. ನಾಲ್ಕು ಜನ ಮೇಲೆ ಬಿದ್ದಿರುವಾಗ ಗೆರೆ ಮುಟ್ಟಲು ಕೈ ಚಾಚುತ್ತಾನಲ್ಲ, ಬೆರಳಿಗೂ ಗೆರೆಗೂ ನಡುವೆ ಒಂದು ಗೇಣು ಉಳಿದಿರುತ್ತದಲ್ಲ, ಆ ಫೋಟೋ ಅಲ್ಲಿಂದ ಮಾತ್ರ ಸಿಗುತ್ತದೆ.

ಪ್ರಶ್ನೆ: ಶಟರ್ ಒತ್ತುವ ಮೊದಲಿನ ಚಿತ್ರಗಳನ್ನೂ ಹೊಸ ಕ್ಯಾಮೆರಾಗಳು ಉಳಿಸಿಕೊಡುತ್ತವಂತೆ. ಹಾಗೆ ಸಿಕ್ಕ ಮಿಂಚುಳ್ಳಿಯ ಫೋಟೋವನ್ನು ನಾನು ತೆಗೆದದ್ದು ಎಂದು ಹೇಳಿಕೊಳ್ಳಬಹುದೇ?
— ಓದುಗರು, ಧಾರವಾಡ

ಉತ್ತರ: ಧಾರಾಳವಾಗಿ ಹೇಳಿಕೊಳ್ಳಿ. ಮಿಂಚುಳ್ಳಿ ಕೊಂಬೆ ಬಿಟ್ಟದ್ದು ನಮ್ಮ ಕಣ್ಣಿಗೆ ಬಿದ್ದು, ಬೆರಳು ಒತ್ತುವಷ್ಟರಲ್ಲಿ ಸುಮಾರು ಕಾಲು ಸೆಕೆಂಡು ಹೋಗಿರುತ್ತದೆ. ಅಷ್ಟರಲ್ಲಿ ಹಕ್ಕಿ ಫ್ರೇಮಿನ ಆಚೆ. ಪ್ರೀ-ರಿಲೀಸ್ ಕ್ಯಾಪ್ಚರ್ ಆ ಕಾಲು ಸೆಕೆಂಡನ್ನು ವಾಪಸು ಕೊಡುತ್ತದೆ, ಅಷ್ಟೆ. ಆದರೆ ಹಕ್ಕಿ ಯಾವ ಕೊಂಬೆಗೆ ಮತ್ತೆ ಮತ್ತೆ ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹಾರುವ ಮೊದಲು ಮೈ ಹೇಗೆ ಬಗ್ಗಿಸುತ್ತದೆ ಎಂದು ಗಂಟೆಗಟ್ಟಲೆ ಕೂತು ನೋಡಿದವರು ನೀವು. ಶಟರನ್ನು ಅರ್ಧ ಒತ್ತಿ ಹಿಡಿದು ಕಾದವರೂ ನೀವೇ.

ತಿಳಿದಿರಬೇಕಾದ ಮಿತಿ ಒಂದಿದೆ. ಝಡ್8ನಲ್ಲಿ ಈ ಸೌಲಭ್ಯ ಜೆಪೆಗ್‌ಗೆ ಮಾತ್ರ, ಬಟನ್ ಒತ್ತುವ ಮೊದಲಿನ ಒಂದು ಸೆಕೆಂಡಿನವರೆಗೆ. ರಾ ಫೈಲ್ ಸಿಗುವುದಿಲ್ಲ. ಹಾಗಾಗಿ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಅಲ್ಲೇ ಸರಿ ಮಾಡಿಕೊಳ್ಳಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಎಳೆದಾಡಲು ಜಾಸ್ತಿ ಜಾಗ ಇರುವುದಿಲ್ಲ.

ಪ್ರಶ್ನೆ: ಕಬಿನಿಯಲ್ಲಿ ಸಂಜೆ ಚಿರತೆ ಸಿಕ್ಕಿತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ದಾಟಬಾರದು ಎಂದುಕೊಂಡಿದ್ದೆ. ಎಲ್ಲಾ ಫೋಟೋ ಅಲುಗಾಡಿವೆ.
— ಓದುಗರು, ಹುಣಸೂರು

ಉತ್ತರ: ಕಾಳು ಕಾಳಾಗಿ ಬಂದ ಫೋಟೋವನ್ನು ಸಾಫ್ಟ್‌ವೇರ್ ತಿದ್ದುತ್ತದೆ. ಅಲುಗಾಡಿದ ಫೋಟೋವನ್ನು ಯಾರೂ ತಿದ್ದಲಾರರು. ಮುಂದಿನ ಸಲ 6400, 12800 ಎಷ್ಟು ಬೇಕೋ ಅಷ್ಟು ಏರಿಸಿ. ನಡೆಯುವ ಚಿರತೆಗೆ ಶಟರ್ ವೇಗ 1/500 ಸೆಕೆಂಡು ಆದರೂ ಇರಲಿ. ಜೀಪಿನಲ್ಲಿ ಟ್ರೈಪಾಡಿಗಿಂತ ಬೀನ್‌ಬ್ಯಾಗ್ ಒಳ್ಳೆಯದು. ಖಾಲಿ ಚೀಲ ಒಯ್ದು ಅಲ್ಲಿಯೇ ಅಕ್ಕಿ ತುಂಬಿಸಿಕೊಳ್ಳಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಹಕ್ಕಿ ಮತ್ತು ಕಾಲೇಜಿನ ಆಟೋಟ ಎರಡನ್ನೂ ತೆಗೆಯುವಾಸೆ. ಲಕ್ಷಗಟ್ಟಲೆ ಹಾಕಲು ಆಗುವುದಿಲ್ಲ.
— ಓದುಗರು, ಶಿವಮೊಗ್ಗ

ಉತ್ತರ: ಹಾಕಲೇಬೇಡಿ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು (ಕನ್ನಡಿಯಿರುವ ಕ್ಯಾಮೆರಾಗಳು) ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿವೆ. ನಿಕಾನ್ ಡಿ7500 ನೋಡಿ. ಡಿ500ನಂತೆಯೇ 20.9 ಮೆಗಾಪಿಕ್ಸೆಲ್, ಸೆಕೆಂಡಿಗೆ 8 ಫ್ರೇಮು. ಕೊಳ್ಳುವ ಮೊದಲು ಶಟರ್ ಎಷ್ಟು ಸಲ ಓಡಿದೆ ನೋಡಿ, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಫಂಗಸ್ ಇದೆಯಾ ನೋಡಿ. ಮಲೆನಾಡಿನ ಮಳೆಗೆ ಫಂಗಸ್ ಬೇಗ ಹಿಡಿಯುತ್ತದೆ. ಲೆನ್ಸಿಗೆ ಎಎಫ್-ಪಿ ಡಿಎಕ್ಸ್ 70-300 ವಿಆರ್ ಸಾಕು. ತೂಕ ಅರ್ಧ ಕೆಜಿಯೂ ಇಲ್ಲ, ಈ ಬಾಡಿಯಲ್ಲಿ 450 ಎಂಎಂನಷ್ಟು ಹತ್ತಿರ ತೋರಿಸುತ್ತದೆ. ಕೈ ಪಳಗಿದ ಮೇಲೆ 200-500 ಎಫ್5.6 ಯೋಚಿಸಿ. ಅದು 2.3 ಕೆಜಿ ಭಾರ.

ನಿಮ್ಮ ಪಕ್ಕದಲ್ಲೇ ಮಂಡಗದ್ದೆ ಇದೆ. ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ನಡುವಿನ ಮರಗಳಲ್ಲಿ, ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಬಿಳಿ ಹಕ್ಕಿ, ಕಡು ಹಸಿರು ಮರ, ಮೋಡದ ಬೆಳಕು. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನಿಮಗೆ ಬೇಕಿಲ್ಲ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ, ಇಲ್ಲದಿದ್ದರೆ ರೆಕ್ಕೆಯ ಗೆರೆಗಳೆಲ್ಲ ಅಳಿಸಿ ಬರೀ ಬಿಳಿ ಮಚ್ಚೆ ಉಳಿಯುತ್ತದೆ.

ಪ್ರಶ್ನೆ: ತೋಟದ ಮರದ ಪೊಟರೆಯಲ್ಲಿ ಗೂಬೆ ಮರಿ ಮಾಡಿದೆ. ಮುಂದಿರುವ ಕೊಂಬೆ ಕಡಿದರೆ ಚೆನ್ನಾಗಿ ಕಾಣುತ್ತದೆ. ರಾತ್ರಿ ಫ್ಲಾಶ್ ಹಾಕಬಹುದಾ?
— ಓದುಗರು, ಹಾವೇರಿ

ಉತ್ತರ: ದಯವಿಟ್ಟು ಎರಡೂ ಬೇಡ. ಆ ಕೊಂಬೆಯಿಂದಲೇ ಪೊಟರೆಗೆ ನೆರಳು, ಕಾಗೆ ಹದ್ದುಗಳ ಕಣ್ಣಿಗೆ ಮರೆ. ಕಡಿದರೆ ನಿಮಗೆ ಫೋಟೋ ಸಿಗಬಹುದು, ಮರಿ ಉಳಿಯದೇ ಹೋಗಬಹುದು. ಕತ್ತಲಿಗೆ ಹೊಂದಿಕೊಂಡ ಗೂಬೆಯ ಕಣ್ಣಿಗೆ ಫ್ಲಾಶ್ ಹೊಡೆದರೆ ಅದು ಬೇಟೆಗೆ ಹೋಗುವುದನ್ನೇ ಸ್ವಲ್ಪ ಹೊತ್ತು ನಿಲ್ಲಿಸಬಹುದು. ಮರಿಗಳು ದೊಡ್ಡದಾದ ಮೇಲೆ ತಾವೇ ಹೊರಗಿನ ಕೊಂಬೆಗೆ ಬಂದು ಕೂರುತ್ತವೆ. ಆಗ ಸೂರ್ಯ ಮುಳುಗುವ ಮೊದಲು, ನಿಮ್ಮ ಕಾರನ್ನು ದೂರ ನಿಲ್ಲಿಸಿ ಕಿಟಕಿಯಿಂದ ತೆಗೆಯಿರಿ. ಗೂಬೆ ನಿಮ್ಮ ಕಡೆಯೇ ದಿಟ್ಟಿಸುತ್ತಾ ತಲೆ ಮೇಲೆ ಕೆಳಗೆ ಆಡಿಸಲು ಶುರುಮಾಡಿದರೆ ಗಾಬರಿಯಾಗಿದೆ ಎಂದು ತಿಳಿದು ಕಾರನ್ನು ಹಿಂದಕ್ಕೆ ತೆಗೆದುಕೊಳ್ಳಿ.