ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಕಚೇರಿಯೊಳಗೊಂದು ಕಚೇರಿ

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ಕಳುಹಿಸಿದ ವಿಡಿಯೊ ಒಂದರಲ್ಲಿ, ಅಮೆರಿಕದ ಯಾವುದೋ ಆಫೀಸಿನ ಮೇಜಿನ ಹಿಂದೆ ಪುಸ್ತಕದ ಕಪಾಟಿಗೆ ಬೆನ್ನು ಮಾಡಿ ನಿಂತು ಕಲಾವಿದರು ಹಾಡುತ್ತಿದ್ದರು. ವೇದಿಕೆಯೂ ಇಲ್ಲ, ಬಣ್ಣದ ದೀಪಗಳೂ ಇಲ್ಲ. ಇದು ಹೇಗೆ ಆರಂಭವಾಯಿತು? ಜನರು ಇದನ್ನು ಇಷ್ಟೊಂದು ಮೆಚ್ಚಲು ಕಾರಣವೇನು?
– ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ತಾವು ನೋಡಿರುವುದು ‘ಟೈನಿ ಡೆಸ್ಕ್’ ಸಂಗೀತ ಸರಣಿ. ವಾಷಿಂಗ್ಟನ್ ನಗರದಲ್ಲಿ ಕೇಂದ್ರ ಕಚೇರಿಯಿರುವ ಎನ್‌ಪಿಆರ್ ಎಂಬ ಸಾರ್ವಜನಿಕ ರೇಡಿಯೊ ಸಂಸ್ಥೆ ಇದನ್ನು 2008ರಿಂದ ನಡೆಸಿಕೊಂಡು ಬಂದಿದೆ. ಇದರ ಹುಟ್ಟಿನ ಹಿಂದೆ ಒಂದು ಸಣ್ಣ ಅಸಮಾಧಾನವಿದೆ. ಆ ವರ್ಷ ಟೆಕ್ಸಾಸ್‌ನ ಆಸ್ಟಿನ್ ನಗರದ ಸಂಗೀತೋತ್ಸವದಲ್ಲಿ ಲಾರಾ ಗಿಬ್ಸನ್ ಎಂಬ ಗಾಯಕಿ ಮೆಲುದನಿಯಲ್ಲಿ ಹಾಡುತ್ತಿದ್ದರು. ಸುತ್ತಲಿದ್ದವರ ಮಾತಿನ ಗದ್ದಲದಲ್ಲಿ ಅವರ ಹಾಡು ಕೇಳಿಸುತ್ತಲೇ ಇರಲಿಲ್ಲ. ಅಲ್ಲಿಗೆ ಹೋಗಿದ್ದ ರೇಡಿಯೊ ನಿರೂಪಕ ಬಾಬ್ ಬೊಯ್ಲೆನ್ ಮತ್ತು ಅವರ ಸಹೋದ್ಯೋಗಿ ಸ್ಟೀಫನ್ ಥಾಂಪ್ಸನ್ ಇದರಿಂದ ಬೇಸತ್ತರು. ‘ಇದಕ್ಕಿಂತ ನೀವು ನಮ್ಮ ಆಫೀಸಿಗೇ ಬಂದು ಬಾಬ್ ಅವರ ಮೇಜಿನ ಬಳಿ ಹಾಡಬಹುದು’ ಎಂಬ ತಮಾಷೆಯ ಮಾತೊಂದು ಅಲ್ಲಿ ಹುಟ್ಟಿತು. ಕೆಲವೇ ವಾರಗಳಲ್ಲಿ ಗಿಬ್ಸನ್ ನಿಜವಾಗಿಯೂ ಹೋಗಿ ಹಾಡಿದರು. ಹೆಸರಿಗೂ ಒಂದು ಹಿನ್ನೆಲೆಯಿದೆ: ಬೊಯ್ಲೆನ್ ತಮ್ಮ ಯೌವನದಲ್ಲಿ ‘ಟೈನಿ ಡೆಸ್ಕ್ ಯೂನಿಟ್’ ಎಂಬ ವಾದ್ಯತಂಡದಲ್ಲಿದ್ದರು. ಆ ಹಳೆಯ ಹೆಸರು ಇಲ್ಲಿ ಹೊಸ ಕೆಲಸಕ್ಕೆ ಬಂದಿತು.

ಮೆಚ್ಚುಗೆಯ ಕಾರಣವನ್ನು ನಾನು ಕಂಡುಕೊಂಡಷ್ಟು ಹೇಳುತ್ತೇನೆ. ಅಲ್ಲಿ ಸಾಮಾನ್ಯವಾಗಿ ಗಾಯಕರ ದನಿಯನ್ನು ಕೋಣೆಯೊಳಗೆ ಧ್ವನಿವರ್ಧಕದಿಂದ ಹೆಚ್ಚಿಸುವುದಿಲ್ಲ. ವೇದಿಕೆಯ ಮೇಲೆ ಗಾಯಕರಿಗೆ ಅವರದೇ ದನಿಯನ್ನು ಮರಳಿ ಕೇಳಿಸುವ ಮಾನಿಟರ್ ಪೆಟ್ಟಿಗೆಗಳೂ ಇರುವುದಿಲ್ಲ. ಹೀಗಾಗಿ ತಾಳವಾದ್ಯದವರು ಕೈಯನ್ನು ಹಗುರಗೊಳಿಸಲೇಬೇಕು, ಇಲ್ಲದಿದ್ದರೆ ಹಾಡುವವರಿಗೆ ತಮ್ಮ ದನಿಯೇ ಕೇಳಿಸದು. ಎಲ್ಲರೂ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸಬೇಕಾದ ಈ ನಿರ್ಬಂಧವೇ ಆ ಸರಣಿಯ ಜೀವಾಳವೆಂದು ನನ್ನ ಭಾವನೆ. 2014ರಲ್ಲಿ ಟಿ-ಪೇನ್ ಎಂಬ ಗಾಯಕರು ಅಲ್ಲಿ ಹಾಡಿದ್ದು ಇದಕ್ಕೆ ಒಳ್ಳೆಯ ನಿದರ್ಶನ. ಯಂತ್ರದಿಂದ ಸ್ವರವನ್ನು ತಿದ್ದಿಸಿಕೊಂಡು ಹಾಡುವುದಕ್ಕೇ ಹೆಸರಾಗಿದ್ದ ಅವರು, ಆ ಯಂತ್ರವನ್ನು ಬದಿಗಿರಿಸಿ ಕೇವಲ ಕೀಬೋರ್ಡಿನ ಸಾಥ್‌ನೊಂದಿಗೆ ಹಾಡಿದಾಗ, ಅವರಿಗೆ ಹಾಡಲು ಬರುವುದಿಲ್ಲವೆಂದು ತಿಳಿದಿದ್ದವರು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕಾಯಿತು. ಗಾಯಕಿ ಅಡೆಲ್ ಅವರಂತಹ ಜಗತ್ಪ್ರಸಿದ್ಧರೂ ಅದೇ ಮೇಜಿನ ಹಿಂದೆ ಹಾಡಿದ್ದಾರೆ, ಸೆಲ್ಲೊ (ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು) ವಾದಕ ಯೋ-ಯೋ ಮಾ ಅವರೂ ನುಡಿಸಿದ್ದಾರೆ. ಹೆಸರು ಮಾಡಿರದವರಿಗೆಂದು ಒಂದು ಸ್ಪರ್ಧೆಯೂ ಇದೆ; ಯಾವುದಾದರೊಂದು ಮೇಜಿನ ಬಳಿ ತಮ್ಮದೇ ರಚನೆಯನ್ನು ಹಾಡಿ ಚಿತ್ರೀಕರಿಸಿ ಕಳುಹಿಸಬೇಕೆಂಬುದು ಅದರ ನಿಯಮ. 2016ರಲ್ಲಿ ಆಯ್ಕೆಯಾದ ಗೇಲಿನ್ ಲೀ ಅವರಿಗೆ ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟು ಕಾಯಿಲೆಯಿದೆ. ಗಾಲಿಕುರ್ಚಿಯಲ್ಲಿ ಕುಳಿತು, ಪಿಟೀಲನ್ನು ಸೆಲ್ಲೊದಂತೆ ನೆಟ್ಟಗೆ ಹಿಡಿದು ನುಡಿಸುವ ಕ್ರಮವನ್ನು ಅವರು ರೂಢಿಸಿಕೊಂಡಿದ್ದಾರೆ.

ಇನ್ನು ನಮ್ಮ ಭಾಷೆಯ ಸೊಗಸನ್ನು ಗಮನಿಸಿ. ಗುಮಾಸ್ತರು ಕುಳಿತುಕೊಳ್ಳುವ ಜಾಗವೂ ಕಚೇರಿಯೇ, ಗಾಯಕರು ಹಾಡುವ ಸಭೆಯೂ ಕಚೇರಿಯೇ. ಅಮೆರಿಕದವರು 2008ರಲ್ಲಿ ಒಂದೆಡೆ ಸೇರಿಸಿದ್ದನ್ನು ಕನ್ನಡ ಒಂದೇ ಪದದಲ್ಲಿ ಮೊದಲೇ ಸೇರಿಸಿಟ್ಟಿತ್ತು.

ಪ್ರಶ್ನೆ: ನಮ್ಮದು ಅಡಿಕೆ ವ್ಯವಹಾರದ ಒಂದು ಸಹಕಾರ ಸಂಘ. ತಿಂಗಳಿಗೊಮ್ಮೆ ಕೆಲಸದ ಅವಧಿ ಮುಗಿದ ಮೇಲೆ ಕಚೇರಿಯಲ್ಲೇ ಅರ್ಧ ಗಂಟೆಯ ಸಂಗೀತ ಏರ್ಪಡಿಸಿ, ಚಿತ್ರೀಕರಿಸಬೇಕೆಂದಿದ್ದೇವೆ. ಧ್ವನಿವರ್ಧಕದ ಅಂಗಡಿಯವರು ಕೊಟ್ಟ ಅಂದಾಜು ಪಟ್ಟಿ ನೋಡಿ ದಿಗಿಲಾಗಿದೆ. ನಿಜಕ್ಕೂ ಏನೇನು ಬೇಕು?
– ಸಂಘದ ಉದ್ಯೋಗಿಗಳು, ತೀರ್ಥಹಳ್ಳಿ

ಉತ್ತರ: ಆ ಪಟ್ಟಿಯನ್ನು ಹಾಗೆಯೇ ಮಡಚಿಡಿ. ಮೂವತ್ತು ಜನ ಕೂರುವ ಕೋಣೆಯಲ್ಲಿ ಮನುಷ್ಯನ ಕಂಠಕ್ಕೆ ಧ್ವನಿವರ್ಧಕ ಬೇಕಾಗಿಲ್ಲ. ಮೊದಲು ಕೋಣೆಯನ್ನು ಪರೀಕ್ಷಿಸಿ: ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದಾಗ ಸದ್ದು ಕೂಡಲೇ ಅಡಗಿದರೆ ಒಳ್ಳೆಯದು, ‘ಝಣ್’ ಎಂದು ಗೋಡೆಗೋಡೆಗೆ ಅಲೆದರೆ ತೊಂದರೆ. ಹೊಸ ಕಟ್ಟಡಗಳ ನುಣುಪಾದ ಟೈಲ್ಸ್ ನೆಲ ಮತ್ತು ಗಾಜಿನ ಗೋಡೆಗಳು ಸದ್ದನ್ನು ಹೀರಿಕೊಳ್ಳದೆ ಹಿಂದಿರುಗಿಸುತ್ತವೆ. ಕಡತಗಳನ್ನು ಒಟ್ಟಿರುವ ತೆರೆದ ಕಪಾಟುಗಳು, ದಪ್ಪ ಪರದೆಗಳು, ನೆಲಕ್ಕೆ ಹಾಸಿದ ಜಮಖಾನ ಹಾಗೂ ಕುಳಿತ ಜನರ ಮೈಬಟ್ಟೆ ಅದನ್ನು ಹೀರುತ್ತವೆ. ಆದ್ದರಿಂದ ವ್ಯವಸ್ಥಾಪಕರ ಹೊಳೆಯುವ ಹೊಸ ಕೊಠಡಿಗಿಂತ ಹಳೆಯ ದಾಖಲೆಗಳ ಕೋಣೆ ಸಂಗೀತಕ್ಕೆ ಹೆಚ್ಚು ಹೊಂದುವ ಸಾಧ್ಯತೆಯಿದೆ. ದೂಳು ಹೊಡೆಸುವುದನ್ನು ಮಾತ್ರ ಮರೆಯಬೇಡಿ. ಗಾಯಕರು ಸೀನಲು ಬರುವುದಿಲ್ಲ.

ಎರಡನೆಯದಾಗಿ, ಸದ್ದು ಮಾಡುವ ಯಂತ್ರಗಳನ್ನೆಲ್ಲ ನಿಲ್ಲಿಸಿ. ಸೀಲಿಂಗ್ ಫ್ಯಾನಿನ ಗಾಳಿ ನೇರವಾಗಿ ಮೈಕಿಗೆ ಬಡಿದರೆ ಧ್ವನಿಮುದ್ರಣದಲ್ಲಿ ಗುಡುಗಿನಂತೆ ಕೇಳಿಸುತ್ತದೆ. ಯುಪಿಎಸ್ ಪೆಟ್ಟಿಗೆಯನ್ನು ಬೇರೆ ಕೋಣೆಗೆ ಸಾಗಿಸಿ, ಏಕೆಂದರೆ ನಮ್ಮೂರುಗಳಲ್ಲಿ ಕರೆಂಟು ಹೋಗುವುದು ನಿಶ್ಚಿತ, ಅದು ‘ಕೀಂ ಕೀಂ’ ಎನ್ನುವುದೂ ನಿಶ್ಚಿತ. ಮೇಜಿನ ಮೇಲಿನ ದೂರವಾಣಿಯ ತಂತಿಯನ್ನು ಅರ್ಧ ಗಂಟೆ ಕಳಚಿಡುವುದರಿಂದ ಅಡಿಕೆಯ ದರ ಕುಸಿಯುವುದಿಲ್ಲ.

ಮೂರನೆಯದು ಮೈಕು. ಸಣ್ಣ ಸದ್ದನ್ನೂ ಹಿಡಿಯುವ ಒಂದು ಒಳ್ಳೆಯ ಕಂಡೆನ್ಸರ್ ಮೈಕು, ಅಥವಾ ಎರಡು ಮೈಕುಗಳನ್ನು ಒಳಗೊಂಡ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಸಾಕು. ಅದನ್ನು ಕಲಾವಿದರ ಮುಂದೆ, ಕುಳಿತವರ ಗಲ್ಲದ ಮಟ್ಟಕ್ಕಿಂತ ತುಸು ಮೇಲೆ, ಎರಡು ಮೂರು ಅಡಿ ದೂರದಲ್ಲಿ ನಿಲ್ಲಿಸಿ. ಬಳಿಕ ಮೈಕಿನ ಗುಂಡಿಗಳನ್ನು ತಿರುಗಿಸುವ ಬದಲು ಮನುಷ್ಯರನ್ನೇ ಜರುಗಿಸಿ ಹದ ಮಾಡಬೇಕು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿಕೆ ಅಷ್ಟಿರದಿದ್ದರೂ, ತಬಲಾದವರನ್ನು ಎರಡು ಹೆಜ್ಜೆ ಹಿಂದಕ್ಕೆ ಕೂರಿಸಿದರೆ ಗಾಯಕಿಯ ದನಿ ತಾನಾಗಿಯೇ ಮೇಲೆ ಬರುತ್ತದೆ. ಮೊಬೈಲ್ ಫೋನುಗಳಿಂದ ಚಿತ್ರೀಕರಿಸುವುದಾದರೆ, ಎಲ್ಲ ಯಂತ್ರಗಳನ್ನೂ ಚಾಲೂ ಮಾಡಿದ ಬಳಿಕ ಒಬ್ಬರು ಎದುರಿಗೆ ನಿಂತು ಒಂದು ಚಪ್ಪಾಳೆ ತಟ್ಟಲಿ. ರೆಕಾರ್ಡರಿನ ಧ್ವನಿಯನ್ನೂ ಫೋನಿನ ಚಿತ್ರವನ್ನೂ ಆಮೇಲೆ ಕೂಡಿಸುವವರಿಗೆ ಆ ಚಪ್ಪಾಳೆಯೇ ಗುರುತು.

ವಾದ್ಯಗಳ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿರಬೇಕಾಗುತ್ತದೆ. ಕೊಳಲು, ಪಿಟೀಲು, ವೀಣೆ, ಹಾರ್ಮೋನಿಯಂ, ತಂಬೂರಿ, ಏಕತಾರಿ, ದಮ್ಮಡಿ ಇವೆಲ್ಲ ಕೋಣೆಗೆ ಒಗ್ಗುತ್ತವೆ. ಚಂಡೆ ಮತ್ತು ಡೊಳ್ಳು ಬಯಲಿನ ವಾದ್ಯಗಳು. ಅವುಗಳನ್ನು ಕಚೇರಿಯೊಳಗೆ ತಂದರೆ ಕೇಳುವವರಿಗೂ ಕಷ್ಟ, ನುಡಿಸುವವರ ಕೈಕಟ್ಟಿದಂತಾಗಿ ಅವರಿಗೂ ಅವಮಾನ. ಮಳೆಗಾಲದಲ್ಲಿ ತೇವಕ್ಕೆ ತಬಲಾ, ಮದ್ದಳೆ, ಮೃದಂಗಗಳ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂನ ಶ್ರುತಿಯನ್ನಾದರೋ ಕೂತಲ್ಲೇ ಬದಲಿಸಲಾಗದು. ಆದ್ದರಿಂದ ವಾದ್ಯದವರು ಕನಿಷ್ಠ ಒಂದು ಗಂಟೆ ಮೊದಲೇ ಬಂದು ಶ್ರುತಿ ಮಾಡಿಕೊಳ್ಳಲು ಬೆಚ್ಚಗಿನ ಒಂದು ಮೂಲೆಯನ್ನು ಬಿಟ್ಟುಕೊಡಿ. ನಿಮ್ಮ ಕಟ್ಟಡಕ್ಕೆ ತಗಡಿನ ಮಾಡು ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಜನೆಯನ್ನೇ ಮುಂದೂಡುವುದು ಲೇಸು. ತೀರ್ಥಹಳ್ಳಿಯ ಆಷಾಢದ ಮಳೆಗೆ ಸಾಥ್ ಕೊಡಬಲ್ಲ ಗಾಯಕರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ಇಂತಹ ಕಾರ್ಯಕ್ರಮಗಳಿಗೆ ಹಾಡುಗಾರರೆಂದರೆ ಎಲ್ಲರೂ ಸುಗಮ ಸಂಗೀತದವರನ್ನೇ ಕರೆಯುತ್ತಾರೆ. ಬೇರೆ ಬೇರೆ ಬಗೆಯ ಕಲಾವಿದರನ್ನು ಕರೆಯಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಸಂಭಾವನೆ ಎಷ್ಟು ಕೊಡಬೇಕು?
– ಖಾಸಗಿ ಕಂಪನಿಯೊಂದರ ಉದ್ಯೋಗಿ, ವಿನೋಬನಗರ, ಶಿವಮೊಗ್ಗ

ಉತ್ತರ: ಸುಗಮ ಸಂಗೀತದ ಮೇಲೆ ನನಗೆ ಮುನಿಸಿಲ್ಲ. ಆದರೆ ಸಣ್ಣ ಕೋಣೆಗೆಂದೇ ಹುಟ್ಟಿದ ಕಲೆಗಳು ಮಲೆನಾಡಿನಲ್ಲಿ ಬೇರೆಯೇ ಇವೆ. ಶಿವಮೊಗ್ಗದಿಂದ ತುಸು ದೂರದಲ್ಲಿ, ತುಂಗೆಯ ದಡದಲ್ಲಿರುವ ಹೊಸಹಳ್ಳಿ ಗಮಕದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತ್ತು. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅದಕ್ಕೆ ವ್ಯಾಖ್ಯಾನ ಹೇಳುವುದು ಎಂಬ ಆ ಕ್ರಮಕ್ಕೆ ಶ್ರುತಿಯೊಂದನ್ನು ಬಿಟ್ಟು ಬೇರೇನೂ ಬೇಡ, ಇಬ್ಬರು ಕುಳಿತುಕೊಳ್ಳಲು ಒಂದು ಮೇಜಿನಷ್ಟು ಜಾಗ ಸಾಕು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ನಡೆಯುವ ತಾಳಮದ್ದಳೆಯೂ ಹಾಗೆಯೇ: ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು ಮಾತ್ರ. ಅರ್ಧ ಗಂಟೆಗೆ ಒಂದು ಸಂವಾದದ ತುಣುಕನ್ನಷ್ಟೇ ಆರಿಸಿಕೊಳ್ಳಬೇಕು. ಅರ್ಥಧಾರಿಗಳಿಗೆ ಗಡಿಯಾರ ತೋರಿಸುವ ಧೈರ್ಯವಿರುವವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆಯವರನ್ನು ತಾವು ಬಲ್ಲಿರಿ. ಅವರ ಹಾಡು ಜಗಲಿಯಷ್ಟು ಅಳತೆಯದು, ಹಾಡುವವರ ಮತ್ತು ಕೇಳುವವರ ನಡುವೆ ಒಂದು ಹೊಸಿಲು ಮಾತ್ರ. ಅದನ್ನು ದೀಪಾವಳಿಯ ಆಸುಪಾಸಿನಲ್ಲೇ ಕರೆಸಿ, ಬೇಸಿಗೆಯಲ್ಲಿ ಹಾಡಿಸಿದರೆ ಅದಕ್ಕೆ ಅರ್ಥವಿರದು. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಮದುವೆಯ ಹಾಡುಗಳು, ಶಿಕಾರಿಪುರದ ಕಡೆಯ ತಾಂಡಾಗಳ ಲಂಬಾಣಿ ಪದಗಳು, ಏಕತಾರಿಯ ತತ್ತ್ವಪದಗಳು ಇವನ್ನೆಲ್ಲ ತರಬಹುದು. ಅವರ ಪಕ್ಕದಲ್ಲೇ ಗಿಟಾರ್ ಹಿಡಿದು ತಾನೇ ಕನ್ನಡದಲ್ಲಿ ಹಾಡು ಕಟ್ಟುವ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಗೂ ಜಾಗವಿರಲಿ. ಆದರೆ ಎಲ್ಲರನ್ನೂ ಒಂದೇ ದಿನ ಕರೆಸಿ ಒಬ್ಬೊಬ್ಬರಿಗೆ ಐದು ನಿಮಿಷ ಕೊಡುವ ಪದ್ಧತಿ ಬೇಡ. ಅದು ಪ್ರತಿಭಾ ಪ್ರದರ್ಶನವಾಗುತ್ತದೆಯೇ ಹೊರತು ಸಂಗೀತವಾಗುವುದಿಲ್ಲ. ಒಂದು ಸಂಜೆಗೆ ಒಬ್ಬರೇ, ಮೂರೋ ನಾಲ್ಕೋ ಹಾಡು.

ಸಂಭಾವನೆಯ ಬಗೆಗೆ ಮೊತ್ತ ಹೇಳಲಾರೆ, ಕ್ರಮ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಕಚೇರಿಯೊಂದರ ವಾರ್ಷಿಕೋತ್ಸವಕ್ಕೆ ನಾನು ಹಾರ್ಮೋನಿಯಂ ನುಡಿಸಲು ಹೋಗಿದ್ದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಬ್ಬರ ಮೇಲೊಬ್ಬರಂತೆ ನಾಲ್ವರು ಭಾಷಣ ಮಾಡಿ ಹೊಗಳಿದರು. ರಾತ್ರಿ ಹನ್ನೊಂದಕ್ಕೆ ಬಸ್ ನಿಲ್ದಾಣದಲ್ಲಿ, ಹೆಗಲಲ್ಲಿ ವಾದ್ಯ, ಕೈಯಲ್ಲಿ ಬುಟ್ಟಿ ಹಿಡಿದು ನಿಂತಾಗ ಜೊತೆಗಿದ್ದ ತಬಲಾದವರು ಸೇಬನ್ನು ಕಂಡಕ್ಟರಿಗೆ ಕೊಟ್ಟರೆ ಟಿಕೆಟ್ ಕೊಟ್ಟಾರೆಯೇ ಎಂದು ಕೇಳಿದ್ದರು. ಆದ್ದರಿಂದ ಮೊತ್ತವನ್ನು ಆಹ್ವಾನಿಸುವಾಗಲೇ ಸ್ಪಷ್ಟವಾಗಿ ತಿಳಿಸಿ, ಹೋಗಿ ಬರುವ ಖರ್ಚನ್ನು ಅದರಿಂದ ಬೇರೆಯಾಗಿಯೇ ಕೊಡಿ, ಪಕ್ಕವಾದ್ಯದವರ ಪಾಲನ್ನು ಅವರ ಕೈಗೇ ಕೊಡಿ. ‘ವಿಡಿಯೊದಿಂದ ನಿಮಗೆ ಪ್ರಚಾರ ಸಿಗುತ್ತದೆ’ ಎಂಬ ಮಾತನ್ನು ಸಂಭಾವನೆಯ ಬದಲಿಗೆ ಎಂದೂ ಆಡಬೇಡಿ. ಮದುವೆ ಹಾಡಿನ ಅಜ್ಜಿಯರಾದರೆ, ಚಿತ್ರೀಕರಣವನ್ನು ಎಲ್ಲಿ, ಯಾರು ನೋಡುತ್ತಾರೆಂಬುದನ್ನು ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯಿರಿ. ಮನೆಯವರ ನಡುವೆ ಹಾಡುವ ಕೆಲವು ಹಾಡುಗಳನ್ನು ಅವರು ಊರಿಗೆಲ್ಲ ಕೇಳಿಸಲು ಬಯಸದಿರಬಹುದು.

ಪ್ರಶ್ನೆ: ಕೆಲಸದ ನಡುವೆ ಹಾಡು ಕುಣಿತವೆಂದರೆ ಶಿಸ್ತು ಹಾಳಾಗುವುದಿಲ್ಲವೇ?
– ಶಾಖಾ ವ್ಯವಸ್ಥಾಪಕರು, ಭದ್ರಾವತಿ

ಉತ್ತರ: ಕುಣಿತದ ಮಾತನ್ನು ಯಾರೂ ಎತ್ತಿಲ್ಲ, ಸ್ವಾಮಿ. ಊಟದ ಬಿಡುವಿನಲ್ಲಿಯೋ ಸಂಜೆ ಕೆಲಸ ಮುಗಿದ ಮೇಲೆಯೋ ಇಟ್ಟುಕೊಳ್ಳಿ, ಹೇಳಿದ ಸಮಯಕ್ಕೆ ಆರಂಭಿಸಿ ಹೇಳಿದ ಸಮಯಕ್ಕೆ ಮುಗಿಸಿ, ಹಾಜರಾತಿಯನ್ನು ಕಡ್ಡಾಯ ಮಾಡಬೇಡಿ. ಸ್ವಾಗತ ಭಾಷಣ, ವಂದನಾರ್ಪಣೆಗಳನ್ನು ಕೈಬಿಟ್ಟರೆ ತಾವು ಆತಂಕಪಡುತ್ತಿರುವ ಸಮಯದಲ್ಲಿ ಅರ್ಧದಷ್ಟು ಉಳಿಯುತ್ತದೆ.

ಪ್ರಶ್ನೆ: ಇಂತಹ ಕಾರ್ಯಕ್ರಮದಲ್ಲಿ ಕುವೆಂಪು ಅವರ ಗೀತೆಗಳನ್ನು ಹಾಡಿ ಯೂಟ್ಯೂಬಿಗೆ ಹಾಕಿದರೆ ಹಕ್ಕುಸ್ವಾಮ್ಯದ ತೊಡಕು ಬರುತ್ತದೆಯೇ?
– ಬ್ಯಾಂಕ್ ಉದ್ಯೋಗಿ, ಕೊಪ್ಪ

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ, ಹಣ ಕೊಡದ ಶ್ರೋತೃಗಳೆದುರು ಹಾಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ವಿಧಿಯಲ್ಲಿ ವಿನಾಯಿತಿ ಇದೆ. ಅದನ್ನೇ ಚಿತ್ರೀಕರಿಸಿ ಅಂತರಜಾಲದಲ್ಲಿ ಪ್ರಕಟಿಸಿದಾಗ ಆ ವಿನಾಯಿತಿ ರಕ್ಷಣೆಗೆ ಬರುವುದಿಲ್ಲ. ನಮ್ಮ ದೇಶದಲ್ಲಿ ಕವಿಯ ಮರಣದ ನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ ಅವರ ಗೀತೆಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಪಡೆಯಿರಿ. ಅಕ್ಕಮಹಾದೇವಿಯ ವಚನಗಳಿಗೆ, ದಾಸರ ಪದಗಳಿಗೆ ಸಾಹಿತ್ಯದ ಮಟ್ಟಿಗೆ ಈ ತೊಡಕಿಲ್ಲ. ಆದರೆ ಅವುಗಳಿಗೆ ಈಚಿನವರು ಹಾಕಿದ ರಾಗಸಂಯೋಜನೆಯನ್ನು ಬಳಸುವುದಾದರೆ ಆ ಸಂಯೋಜಕರನ್ನೂ ಕೇಳಬೇಕಾಗುತ್ತದೆ. ಕೇಳುವ ಇಚ್ಛೆಯಿಲ್ಲದಿದ್ದರೆ ಗಾಯಕಿಯೇ ಹೊಸದಾಗಿ ರಾಗ ಹಾಕಿಕೊಳ್ಳಲಿ, ಅದಕ್ಕೆ ತಕ್ಕಂತೆ ಒಂದು ವಾರ ಹೆಚ್ಚು ಸಮಯವನ್ನು ತಾವು ಕೊಡಿ.