ಬೋರಮಾಳದೊಳಗೆ ಅರಗು: ಆಯಿಗೆ ಮೋಸ ಆಯಿತಾ?

ಪ್ರಶ್ನೆ: ನಮ್ಮ ಆಯಿಯ ಬೋರಮಾಳ ಸರ ನನ್ನ ಪಾಲಿಗೆ ಬಂದಿದೆ. ‘ಮೂರು ತೊಲಿ’ ಎಂದು ಯಾವಾಗಲೂ ಹೇಳುತ್ತಿದ್ದರು. ಮಗಳ ಮದುವೆಗೆ ಮುರಿಸಿ ಹೊಸದು ಮಾಡಿಸೋಣ ಎಂದು ಒಯ್ದರೆ, ತೂಕ 35 ಗ್ರಾಂ ಬಂತು. ಅಂಗಡಿಯವರು ಮಾತ್ರ ‘ಬಂಗಾರ 22 ಗ್ರಾಂ, ಉಳಿದದ್ದು ಅರಗು’ ಎಂದರು. ಮೋಸ ಮಾಡಿದವರು ಯಾರು, ಅಂದಿನವರಾ ಇಂದಿನವರಾ?
– ಓದುಗರು, ಶಹಾಪುರ

ಉತ್ತರ: ತಂಗಿ, ಮೊದಲು ಆಯಿಯ ಲೆಕ್ಕ ನೋಡೋಣ. ಈಗ ನಾವು ಬಜಾರಿನಲ್ಲಿ 10 ಗ್ರಾಂಗೇ ತೊಲಿ ಅನ್ನುತ್ತೇವೆ. ಹಳೇ ತೊಲಿ 11.66 ಗ್ರಾಂ. ಮೂರು ತೊಲಿಗೆ ಬರೋಬ್ಬರಿ 35. ಆಯಿ ಸುಳ್ಳು ಹೇಳಿಲ್ಲ, ಅರಗು ಸೇರಿಸಿ ಹೇಳಿದ್ದಾರೆ ಅಷ್ಟೇ.

ಬೋರಮಾಳದಲ್ಲಿ ಅರಗು ಇರುವುದು ಮೋಸವಲ್ಲ. ಬೋರೆಹಣ್ಣಿನಂಥ ಆ ಗುಂಡು ಒಳಗೆ ಪೊಳ್ಳು. ತೆಳು ತಗಡನ್ನು ಕುಳಿ ಇರುವ ಹಿತ್ತಾಳೆ ಅಚ್ಚಿನ ಮೇಲಿಟ್ಟು ಬಡಿದರೆ ಪುಟ್ಟ ಬಟ್ಟಲಾಗುತ್ತದೆ. ಎರಡು ಬಟ್ಟಲು ಕೂಡಿಸಿ, ಬಿಳಿಗಾರ ಹಚ್ಚಿ ಬೆಸೆಯಬೇಕು. ಆಮೇಲೆ ತೂತಿನಿಂದ ಬಿಸಿ ಅರಗು ತುಂಬಬೇಕು. ಇಲ್ಲದಿದ್ದರೆ ಬೆರಳಿನಿಂದ ಒತ್ತಿದರೂ ನೆಗ್ಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ಅನಾಹುತದಿಂದ. ಸರಾಫ್ ಬಜಾರಿನ ನಮ್ಮ ಅಂಗಡಿಯಲ್ಲಿ ಆಗಿನ್ನೂ ನಾನು ಊದುಗೊಳವೆ ಹಿಡಿಯಲು ಕಲಿಯುತ್ತಿದ್ದೆ. ಗಿರಾಕಿಯೊಬ್ಬರ ಸರದ ಕೊಂಡಿ ಬೆಸೆಯುವಾಗ ಗುಂಡು ಬಿಚ್ಚಲು ಬೇಜಾರಾಗಿ ಹಾಗೇ ಉರಿ ಹಿಡಿದೆ. ಟಪ್ ಅಂತ ಒಂದು ಗುಂಡು ಸಿಡಿದು, ಕರೀ ಅರಗು ನನ್ನ ಅಂಗಿಗೇ ಹಾರಿತು. ನಮ್ಮ ಮುತ್ಯಾ (ಅಜ್ಜ) ಬೈಯಲಿಲ್ಲ. ತಗಡು ಕೊಟ್ಟು ‘ಇನ್ನೊಂದು ಮಾಡಿ ಕೊಡು’ ಅಂದರು. ಸಂಜೆವರೆಗೆ ಮೂರು ಕೆಡಿಸಿ, ನಾಲ್ಕನೆಯದು ಒಪ್ಪಿಸಿದೆ. ಅದೂ ಸ್ವಲ್ಪ ಸೊಟ್ಟವೇ.

ಅರಗು ತುಂಬುವ ಮೊದಲೇ ಮುತ್ಯಾ ಬಂಗಾರ ತೂಗಿ, ಚೀಟಿಯಲ್ಲಿ ಬಂಗಾರ ಇಷ್ಟು, ಅರಗು ಇಷ್ಟು ಎಂದು ಬೇರೆ ಬೇರೆ ಬರೆಯುತ್ತಿದ್ದರು. ಅರಗಿಗೂ ಬಂಗಾರದ ರೇಟು ಹಾಕಿದರೆ ಮಾತ್ರ ಮೋಸ. ಆಯಿಯ ಟ್ರಂಕಿನಲ್ಲಿ ಅಂಥ ಚೀಟಿ ಇದೆಯಾ ನೋಡಿ.

ಇಂದಿನವರ ಮಾತಿಗೆ ಬರೋಣ. ಸರ ಕರಗಿಸದೆ 22 ಗ್ರಾಂ ಎಂದು ಹೇಗೆ ಗೊತ್ತಾಯಿತು? ಅಂದಾಜು ಇರಬೇಕು. ಕೇಳಿ. ನಿಮ್ಮೆದುರೇ ಒಂದು ಗುಂಡು ಬಿಚ್ಚಿ, ಅರಗು ತೆಗೆದು ತಗಡು ತೂಗಲಿ. ಗುಂಡುಗಳೆಲ್ಲ ಒಂದೇ ಅಳತೆ ಇದ್ದರೆ ಎಣಿಸಿ ಗುಣಿಸಿದರೆ ಲೆಕ್ಕ ಹತ್ತಿರ ಬರುತ್ತದೆ. ಟಂಚ್, ಅಂದರೆ ಬಂಗಾರದ ಶುದ್ಧತೆ, ಬೇರೆ ನೋಡಿಸಬೇಕು. ಅದನ್ನು ನೋಡುವ ಮಷಿನ್ನು ಮೇಲ್ಮೈಯನ್ನಷ್ಟೇ ಓದುತ್ತದೆ, ಬೆಸುಗೆಯಲ್ಲಿ ಬಂಗಾರ ಕಡಿಮೆ ಇರುತ್ತದೆ. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಬಂಗಾರ. ಹಳೇ ದಾಗೀನು ಅಷ್ಟು ಇರಲೇಬೇಕೆಂದೇನಿಲ್ಲ. ಕರಗಿಸುವುದೇ ಆದರೆ ಎದುರಿಗೇ ನಿಂತು ಕರಗಿಸಿ, ಗಟ್ಟಿಯಾದ ಮೇಲೆ ತೂಗಿಸಿ. ಹೊಸದು ಕೊಂಡರೆ ದಾಗೀನಿನ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ದಾಗೀನಿಗಷ್ಟೇ ಇರುವ ಗುರುತು ಸಂಖ್ಯೆ) ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ದಾಗೀನಿಗೆ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ತಾಳೆ ನೋಡಬಹುದು.

ನನ್ನನ್ನು ಕೇಳಿದರೆ ಕರಗಿಸಬೇಡಿ. ಅವರ ಅಂದಾಜು ಸರಿಯಿದ್ದರೆ ಕೈಗೆ 22 ಗ್ರಾಂ ಬರುತ್ತದೆ, ಅದರ ಮೇಲೆ ಹೊಸ ಮಜೂರಿ. ಇಂಥ ಗುಂಡು ಕೈಯಿಂದ ಮಾಡುವವರು ಈಗ ನಮ್ಮ ಓಣಿಯಲ್ಲೇ ಕಡಿಮೆ. ಪಟವೆಗಾರರ ಹತ್ತಿರ ಒಯ್ದು ಹೊಸ ರೇಷ್ಮೆ ದಾರದಲ್ಲಿ ಪೋಣಿಸಿಸಿ, ಮಗಳಿಗೆ ಹಾಗೇ ಹಾಕಿ. ಬಿಸಿ ನೀರಿನಲ್ಲಿ ಮಾತ್ರ ತೊಳೆಯಬೇಡಿ, ಅರಗು ಮೆತ್ತಗಾಗುತ್ತದೆ. ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು.