ಚಹಾ ಅಗ್ಗವಾಗುತ್ತಿದ್ದರೂ ಬಾಸ್ಟನ್ ಜನ ಅದನ್ನು ಸಮುದ್ರಕ್ಕೆ ಎಸೆದದ್ದೇಕೆ?

ಬೆಲೆ ಅವರ ಮುಖ್ಯ ತಕರಾರಾಗಿರಲಿಲ್ಲ. ಅಗ್ಗದ ಚಹಾ ಕೊಂಡರೆ, ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕು ಬ್ರಿಟಿಷ್ ಸಂಸತ್ತಿಗೆ ಇದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಆ ಸಂಸತ್ತಿನಲ್ಲಿ ಅಮೆರಿಕದ ವಸಾಹತುಗಳು ಆರಿಸಿ ಕಳುಹಿಸಿದ ಒಬ್ಬ ಸದಸ್ಯನೂ ಇರಲಿಲ್ಲ.

1767ರಲ್ಲಿ ಗಾಜು, ಕಾಗದ, ಬಣ್ಣ, ಸೀಸ, ಚಹಾಗಳ ಮೇಲೆ ಸುಂಕ ಬಿತ್ತು. ವಸಾಹತಿನವರು ಬ್ರಿಟಿಷ್ ಸರಕನ್ನು ಬಹಿಷ್ಕರಿಸಿದಾಗ 1770ರಲ್ಲಿ ಉಳಿದೆಲ್ಲ ಸುಂಕ ರದ್ದಾಯಿತು. ಚಹಾದ ಮೇಲಿನದನ್ನು ಮಾತ್ರ, ಪೌಂಡ್ ತೂಕಕ್ಕೆ ಮೂರು ಪೆನ್ಸ್, ಹಕ್ಕಿನ ಗುರುತಾಗಿ ಬೇಕೆಂದೇ ಉಳಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಇಡೀ ಜಗಳದ ಗಂಟು ಇಲ್ಲಿದೆ.

1773ರ ಕಾಯ್ದೆ ಇದಕ್ಕೆ ವ್ಯಾಪಾರದ ಪೆಟ್ಟನ್ನೂ ಸೇರಿಸಿತು. ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು (ಹೌದು, ನಮ್ಮನ್ನು ಆಳಿದ ಅದೇ ಕಂಪನಿ) ಉಳಿಸಲು, ತಾನೇ ಆರಿಸಿದ ಏಜೆಂಟರ ಮೂಲಕ ಅಮೆರಿಕದಲ್ಲಿ ನೇರವಾಗಿ ಚಹಾ ಮಾರಲು ಅದಕ್ಕೆ ಅವಕಾಶ ಕೊಟ್ಟರು. ಇದರಿಂದಲೇ ಚಹಾ ಅಗ್ಗವಾಯಿತು; ಸ್ಥಳೀಯ ವರ್ತಕರೂ ಡಚ್ ಚಹಾ ತರುತ್ತಿದ್ದ ಕಳ್ಳಸಾಗಣೆದಾರರೂ ಒಟ್ಟಿಗೆ ಕಂಗೆಟ್ಟರು. ತತ್ವದ ಸಿಟ್ಟಿಗೆ ಹೊಟ್ಟೆಪಾಡಿನ ಸಿಟ್ಟು ಕೂಡಿತು. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು.

ನಷ್ಟ ತುಂಬಿಕೊಡುವವರೆಗೆ ಬಾಸ್ಟನ್ ಬಂದರನ್ನು ಮುಚ್ಚುವ ಕಾಯ್ದೆಯನ್ನು ಸಂಸತ್ತು 1774ರಲ್ಲಿ ತಂದಿತು. ಒಂದು ಊರಿಗೆ ಕೊಟ್ಟ ಶಿಕ್ಷೆ ಉಳಿದವರನ್ನೂ ಕೆರಳಿಸಿತು: ಅದೇ ಸೆಪ್ಟೆಂಬರಿನಲ್ಲಿ ಹದಿಮೂರರಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದರು.